ಅತ್ತೆ ಕರೆಯದ ಮಿಸ್ತ್ರಿ

ನಮ್ಮ ಅತ್ತೆಯಂಥವರು ಇನ್ನಿಬ್ಬರು ಹುಟ್ಟಿದ್ದರೆ ಬಸವಕಲ್ಯಾಣ ಇವತ್ತಿಗೂ ಕಂದೀಲಿನ ಬೆಳಕಿನಲ್ಲೇ ಇರುತ್ತಿತ್ತು! ಇದು ನನ್ನೊಬ್ಬನ ಅಭಿಪ್ರಾಯವಲ್ಲ, ಊರಿನ ಎಲೆಕ್ಟ್ರಿಷಿಯನ್ನರ ಒಮ್ಮತದ ತೀರ್ಮಾನ. ಹಾಗಂತ ಅತ್ತೆಗೆ ಕರೆಂಟಿನ ಮೇಲೆ ಹಗೆಯಿತ್ತು ಅಂತಲ್ಲ. ಮನೆಯ ಹಳೇ ವೈರಿಂಗ್ ಕಿತ್ತು ಹೊಸದು ಹಾಕಿಸಬೇಕು ಅಂತ ಅವಳು ಪಣ ತೊಟ್ಟು ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷವೂ ನಡೆದದ್ದು ತಯಾರಿ. ಕೆಲಸದ ತಯಾರಿಯೂ ಅಲ್ಲ, ಕೆಲಸಕ್ಕೆ ಮಿಸ್ತ್ರಿಯನ್ನು ಕರೆಯುವ ತಯಾರಿ! ಮಗಳಿಗೆ ಗಂಡು ನೋಡುವವರು ಕೂಡ ಇಷ್ಟು ಚಪ್ಪಲಿ ಸವೆಸುವುದಿಲ್ಲ.

ಅತ್ತೆ ಅಂದರೆ ನಮ್ಮ ಅಪ್ಪನ ಅಕ್ಕ. ಊರಿನ ಶಾಲೆಯೊಂದರಲ್ಲಿ ಮೂವತ್ತಾರು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ನಮ್ಮ ಕಡೆ ಟೀಚರಮ್ಮನನ್ನು 'ಅಕ್ಕೋರು' ಅನ್ನುತ್ತಾರೆ. ಇವಳು ಅರ್ಧ ಊರಿಗೇ ಅಕ್ಕೋರು. ಅವಳನ್ನು ನೆನೆದರೆ ನನಗೆ ಮೊದಲು ನಗು ಬರುತ್ತದೆ, ಅದರ ಬೆನ್ನಿಗೇ ನಾಚಿಕೆ. ಯಾಕೆಂದರೆ ಈ ವೈರಿಂಗ್ ಪುರಾಣದಲ್ಲಿ ಎಲ್ಲರಿಗಿಂತ ದೊಡ್ಡ ತಪ್ಪು ಮಾಡಿದವನು ನಾನು. ಅದನ್ನು ಮುಚ್ಚಿಟ್ಟು ಅತ್ತೆಯ ಫಜೀತಿ ಮಾತ್ರ ಹೇಳಿ ನಗಿಸಿದರೆ ನನಗೆ ಅನ್ನ ಅರಗದು.

ಮನೆಯೆಂದರೆ ದಪ್ಪ ಕಲ್ಲಿನ ಗೋಡೆಯ ಹಳೇ ಮನೆ. ಅವಳ ಮದುವೆಯ ಕಾಲಕ್ಕೆ ಮಾಡಿಸಿದ ವೈರಿಂಗ್. ಕಟ್ಟಿಗೆಯ ಪಟ್ಟಿ, ಅದರ ಮೇಲೆ ಬಟ್ಟೆ ಸುತ್ತಿದ ವೈರು, ಲಾಡಿನ ಗಾತ್ರದ ಕರೀ ಸ್ವಿಚ್ಚು. ಮಳೆಗಾಲದಲ್ಲಿ ಬಚ್ಚಲ ಗೋಡೆ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಅತ್ತೆಯ ಗಂಡ, ನಮ್ಮ ಮಾಮಾ, ಕೈ ಕೊಡವಿಕೊಂಡು "ಗ್ವಾಡಿ ಇವತ್ತ ಜರಾ ಗರಂ ಅದ" ಅಂತ ಹೇಳಿ ಸುಮ್ಮನೆ ಸ್ನಾನಕ್ಕೆ ಹೋಗುತ್ತಿದ್ದರು. ಮಾಮಾನಿಗೆ ಎರಡೂ ಕಿವಿ ಕೇಳುವುದಿಲ್ಲ. ದಿನವೆಲ್ಲ ಪಡಸಾಲೆಯ ಫ್ಯಾನಿನ ಕೆಳಗೆ, ಸ್ವಿಚ್‌ಬೋರ್ಡಿಗೆ ಆತುಕೊಂಡ ಕುರ್ಚಿಯಲ್ಲಿ ಕೂತು ಪೇಪರ್ ಓದುವುದೊಂದೇ ಅವರ ಉದ್ಯೋಗ. ಅತ್ತೆಯ ಹೆದರಿಕೆಯೆಲ್ಲ ಅಲ್ಲೇ ಇತ್ತು.

"ಆ ಬೋರ್ಡ ಚಟಚಟ ಅಂದ್ರೂ ಇವರಿಗಿ ಕೇಳಂಗಿಲ್ಲೋ. ನಾ ಹಿತ್ತಲದಾಗ ಇದ್ದಾಗ ಏನರ ಆದ್ರ ಏನ್ ಮಾಡ್ಲಿ?" ಅಂತ ನನ್ನ ಹತ್ತಿರ ನೂರು ಸಲ ಅಂದಿದ್ದಾಳೆ.

"ಹಂಗಾದ್ರ ಕಾಶೀನಾಥಗ ಕರೀ ಅತ್ತಿ. ನಾಕು ಮನಿ ಆಚಿಗಿ ಇದ್ದಾನ" ಅಂದರೆ ಮಾತ್ರ ಅವಳು ಸೆರಗು ಸರಿ ಮಾಡಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಕಾಶೀನಾಥ ಮಿಸ್ತ್ರಿಯೆಂದರೆ ಬಸವಕಲ್ಯಾಣದ ಪಂಟರ್. ಅವನು ಹಾಕಿದ ವೈರಿಂಗಿನಲ್ಲಿ ಇಲ್ಲಿಯ ತನಕ ಒಂದು ಕಿಡಿ ಕೂಡ ಹಾರಿಲ್ಲ ಅಂತ ಜನ ಹೇಳುತ್ತಾರೆ. ಮಂಠಾಳದಿಂದ, ರಾಜೇಶ್ವರದಿಂದ ಗಾಡಿ ತಂದು ಅವನನ್ನು ಕರೆದೊಯ್ಯುತ್ತಾರೆ. ಅತ್ತೆ ಮಾತ್ರ ನಾಲ್ಕು ಮನೆ ಆಚೆ ಇದ್ದವನನ್ನು ಕರೆಯಲೊಲ್ಲಳು. ಯಾಕೆ? ಆಗ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ವ್ಯವಧಾನವೂ ಇರಲಿಲ್ಲ ಅನ್ನಿ.

ಹೊಸ ವೈರಿಂಗ್ ಬರುವ ತನಕ ಹಳೆಯದು ಸುಡಬಾರದಲ್ಲ? ಅದಕ್ಕೆ ಅತ್ತೆ ಕರೆಂಟಿಗೇ ಒಂದು ಟೈಮ್ ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದಳು. ಎಂಟರಿಂದ ಒಂಬತ್ತು ಮಿಕ್ಸರ್, ಒಂಬತ್ತರಿಂದ ಹತ್ತು ಇಸ್ತ್ರಿ, ಹತ್ತರಿಂದ ಒಂದರ ತನಕ ಫ್ರಿಜ್ಜು, ಆಮೇಲೆ ಫ್ಯಾನು. ಒಮ್ಮೆಗೆ ಒಂದೇ! ನಾನೊಂದು ಸಲ ನಾನಿರುವ ಹುಮನಾಬಾದಿನಿಂದ ಹೋದವನು ಮೊಬೈಲ್ ಚಾರ್ಜಿಗೆ ಹಚ್ಚಿದೆ. ಅತ್ತೆ ಬಂದವಳೇ ಪಿನ್ನು ಕಿತ್ತಳು. "ಈಗ ಫ್ರಿಜ್ಜಿನ ಪಿರಿಯಡ್ ನಡದದ. ನಡುವ ಬರಬ್ಯಾಡ." ನನ್ನ ಮೊಬೈಲಿಗೆ ಸಂಜೆ ನಾಲ್ಕಕ್ಕೆ, ಆಟದ ಪಿರಿಯಡ್ಡಿನಲ್ಲಿ, ಪ್ರವೇಶ ಸಿಕ್ಕಿತು.

ಆಮೇಲೆ ನಕ್ಷೆ ಶುರುವಾಯಿತು. ಎಲ್ಲೆಲ್ಲಿ ಸ್ವಿಚ್ಚು, ಎಲ್ಲೆಲ್ಲಿ ಪ್ಲಗ್ಗು ಬರಬೇಕು ಅಂತ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಳು. ಕೆಂಪಿದ್ದರೆ ಫ್ಯಾನು, ನೀಲಿಯಿದ್ದರೆ ದೀಪ. ಚಿತ್ರ ಎಷ್ಟು ಬರೋಬರಿ ಇತ್ತೆಂದರೆ, ಸಂಕ್ರಾಂತಿಗೆ ಬಂದ ಬೀಗರೊಬ್ಬರು ಕತ್ತಲೆಯಾಯಿತೆಂದು ಎದ್ದು ಸುಣ್ಣದ ಸ್ವಿಚ್ಚು ಒತ್ತೊತ್ತಿ ಸುಸ್ತಾದರು. "ಕರೆಂಟ್ ಹೋಗ್ಯಾದ ಅನಸ್ತದ" ಅಂದರು. ಅತ್ತೆ ಗಂಭೀರವಾಗಿ, "ಹೋಗಿಲ್ರಿ, ಅಲ್ಲಿಗಿ ಇನ್ನಾ ಬಂದಿಲ್ಲ" ಅಂದಳು!

ನಕ್ಷೆ ಮುಗಿದ ಮೇಲೆ ಸಂದರ್ಶನ. ಅತ್ತೆ ಸುಮ್ಮನೆ ಮಾತಾಡಿಸುವವಳೇ? ಪ್ರಶ್ನಪತ್ರಿಕೆ ತಯಾರಿಸಿದಳು. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಕೊನೆಗೆ ಐದು ಅಂಕದ್ದು: 'ಅರ್ಥಿಂಗ್ ಯಾಕೆ ಬೇಕು? ಉದಾಹರಣೆ ಸಹಿತ ವಿವರಿಸಿ.' ತೊಡಕು ಏನೆಂದರೆ, ಊರಿನ ಎಲೆಕ್ಟ್ರಿಷಿಯನ್ನರೆಲ್ಲ ಅವಳ ಹಳೇ ವಿದ್ಯಾರ್ಥಿಗಳು. ಅವಳಿಗೆ ಒಬ್ಬೊಬ್ಬರ ಅಂಕವೂ ಬಾಯಿಪಾಠ! ಒಬ್ಬ ಬಂದ. ತಲೆ ನರೆತವನು, ಮೊಮ್ಮಕ್ಕಳನ್ನು ಕಂಡವನು. ಬಾಗಿಲಲ್ಲೇ ಕೈ ಕಟ್ಟಿ ನಿಂತ.

"ನೀನಲ್ಲಾ, ಗಣಿತದಾಗ ಹನ್ನೊಂದು ತಗೊಂಡಾಂವ?"

"ಹೌದ್ರಿ ಅಕ್ಕೋರ."

"ಹದಿನೇಳರ ಮಗ್ಗಿ ಈಗರ ಬರ್ತದ?"

ಆ ಮನುಷ್ಯ ಟೆಸ್ಟರನ್ನೂ ಅಲ್ಲೇ ಬಿಟ್ಟು ಓಡಿದ. ಟೆಸ್ಟರ್ ಇವತ್ತಿಗೂ ಅವಳ ಮನೆಯಲ್ಲಿದೆ, ಕೇಳಲಿಕ್ಕೆ ಅವನು ಬರಲಿಲ್ಲ.

ರಾಜೇಶ್ವರದ ಇನ್ನೊಬ್ಬ ಎದೆ ಸೆಟೆಸಿ ಬಂದ. "ನಾ ನಿಮ್ಮ ಸಾಲ್ಯಾಗ ಕಲ್ತಿಲ್ರೀ ಅಮ್ಮಾ, ನನಗ ಅಂಜಿಕಿ ಇಲ್ಲ" ಅಂದ. ಅತ್ತೆ ಅವನ ಮುಖವನ್ನೇ ನೋಡಿದಳು. ತಾಯಿಯ ತವರು ಯಾವುದು, ಹೆಸರೇನು ಅಂತ ಕೇಳಿದಳು. "ಹಾಂ! ಹದಿನಾರು. ಭಾಗಾಕಾರ ಬರತಿರಲಿಲ್ಲ" ಅಂದಳು. ತಾಯಿಯ ಅಂಕಕ್ಕೆ ಮಗ ಫೇಲಾಗಿ ಮನೆಗೆ ಹೋದ!

ಇದನ್ನೆಲ್ಲ ನೋಡುತ್ತ ಕೂತಿದ್ದ ನಾನು ಒಂದು ದಿನ ಕೆಣಕಲಿಕ್ಕೆಂದೇ ಕೇಳಿದೆ. "ಖರೆ ಹೇಳು ಅತ್ತಿ, ಕಾಶೀನಾಥಗ ಎಷ್ಟ್ ಬಂದಿದ್ವು?"

"ಮೂವತ್ಮೂರು" ಅಂದಳು. ಹನ್ನೊಂದನ್ನೂ ಹದಿನಾರನ್ನೂ ಹೇಳಿದ ದನಿಯಲ್ಲಿ ಅಲ್ಲ. ಹೇಳಿ, ಕೈಯಲ್ಲಿದ್ದ ಪ್ರಶ್ನಪತ್ರಿಕೆ ಮಡಚಿಟ್ಟು ಒಳಗೆ ಹೋದಳು. ನಾನು ಅದನ್ನು ತಿರಸ್ಕಾರ ಅಂದುಕೊಂಡೆ. ಪಾಸಿನ ಮೂವತ್ತೈದಕ್ಕೆ ಎರಡು ಕಡಿಮೆ ಬಂದವನನ್ನು ಹೊಸ್ತಿಲು ತುಳಿಯಗೊಡದ ಮಾಸ್ತರಿಕೆಯ ಸೊಕ್ಕು ಅಂದುಕೊಂಡೆ.

ಸುಮ್ಮನೆ ಅಂದುಕೊಂಡಿದ್ದರೆ ನಡೆಯುತ್ತಿತ್ತು. ನನ್ನ ನಾಲಿಗೆ ಸುಮ್ಮನಿರುವಂಥದ್ದಲ್ಲ. ಹುಮನಾಬಾದಿನಲ್ಲಿ ನನ್ನದೊಂದು ನೋಟ್‌ಬುಕ್ಕು, ಪೆನ್ನಿನ ಅಂಗಡಿ. ಪಕ್ಕದಲ್ಲೇ ಚಹಾದಂಗಡಿ. ಸಂಜೆ ಹೊತ್ತು ಅಲ್ಲಿ ನಾಲ್ಕು ಜನ ಸೇರುತ್ತಾರೆ, ನಾಲ್ವರನ್ನು ನಗಿಸುವ ಗುತ್ತಿಗೆ ನನ್ನದು. ಅತ್ತೆಯ ಟೈಮ್ ಟೇಬಲ್ ಹೇಳಿದೆ, ನಕ್ಕರು. ಸುಣ್ಣದ ಸ್ವಿಚ್ಚು ಹೇಳಿದೆ, ಬಿದ್ದು ಬಿದ್ದು ನಕ್ಕರು. ಆ ನಗೆಯ ಅಮಲಿಗೆ ಒಂದು ಮಾತು ಸ್ವಂತ ಕೈಯಿಂದ ಕಟ್ಟಿದೆ. "ನಮ್ಮ ಅತ್ತಿ ಏನ್ ಅಂತಾಳ ಗೊತ್ತೇನು? ಮೂವತ್ಮೂರು ಅಂಕದ ಮಿಸ್ತ್ರಿ ವೈರ್ ಎಳದ್ರ ಬಲ್ಬಿಗಿ ಬೆಳಕೂ ನೂರಕ್ಕ ಮೂವತ್ಮೂರೇ ಬರ್ತದಂತ!"

ಅತ್ತೆ ಹಾಗೆ ಅಂದಿರಲಿಲ್ಲ. ಆದರೆ ಮಾತು ಅತ್ತೆಯ ಬಾಯಲ್ಲಿ ಇಟ್ಟರೇ ರುಚಿ, ಅಲ್ಲವೇ? ಚಹಾದಂಗಡಿಯವನು ಆ ದಿನ ನನಗೆ ಚಹಾ ಪುಕ್ಕಟೆ ಕೊಟ್ಟ. ಒಂದು ವಾರದಲ್ಲಿ ಆ ಮಾತನ್ನು ಬಸ್ ಸ್ಟ್ಯಾಂಡಿನಲ್ಲಿ ಇನ್ಯಾರೋ ನನಗೇ ಹೇಳಿ ನಗಿಸಿದರು. ನಾನು ಹೆಮ್ಮೆಯಿಂದ ಬೀಗಿದೆ.

ಅತ್ತೆಗೆ ಇದ್ಯಾವುದೂ ಗೊತ್ತಿಲ್ಲ. ಅವಳು ಫೋನ್ ಮಾಡಿ ಹುಕುಂ ಹೊರಡಿಸಿದಳು. "ಹುಮನಾಬಾದ್‌ದಾಗ ನಾ ಕಲಿಸಿಲ್ಲ. ಅಲ್ಲಿಂದ ಒಬ್ಬ ಮಿಸ್ತ್ರಿಗ ಕರ್ಕೊಂಡ್ ಬಾ. ನನಗ ಅಂವನ ಅಂಕ ಗೊತ್ತಿರಬಾರದು, ಅಂವಗ ನಾ ಗೊತ್ತಿರಬಾರದು."

ಮಿಸ್ತ್ರಿಯನ್ನು ಹುಡುಕುವ ಮುಂಚೆ ಒಮ್ಮೆ ಮನೆಯ ಅಳತೆ ತರೋಣವೆಂದು ಹೋದಾಗ ಮಾಮಾ ನನ್ನನ್ನು ಓಣಿಯ ತುದಿಗೆ ಕರೆದೊಯ್ದರು. ಗುಟ್ಟು ಹೇಳಬೇಕಾಗಿತ್ತು ಅವರಿಗೆ. ಕಿವುಡರ ಗುಟ್ಟೆಂದರೆ ನಿಮಗೆ ಗೊತ್ತೇ ಇದೆ. ಡಂಗುರಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ!

"ಆಕಿ ಕಾಶ್ಯಾಗ ಯಾಕ ಕರಿಯಂಗಿಲ್ಲ ಗೊತ್ತದೇನು? ಆಕಿಗಿ ನಾಚಿಕಿ!" ಅಂತ ಕೂಗಿದರು. ಎಮ್ಮೆಯೊಂದು ತಿರುಗಿ ನೋಡಿತು. ನಾನು ಸನ್ನೆ ಮಾಡಿದರೂ ದನಿ ಇಳಿಯಲಿಲ್ಲ. ಕಾಶೀನಾಥನ ಅಪ್ಪ ಹಮಾಲಿ ಮಾಡುತ್ತಿದ್ದನಂತೆ. ಪರೀಕ್ಷೆಯ ಫಲಿತಾಂಶದ ದಿನ ಅತ್ತೆಯ ಮನೆಗೆ ಬಂದು ಕೈಮುಗಿದಿದ್ದನಂತೆ. ಎರಡೇ ಅಂಕ, ಅಕ್ಕೋರ. ಇದೊಂದು ಸಲ ದಾಟಿಸಿರಿ. ಫೇಲಾದರೆ ಇನ್ನೊಂದು ವರ್ಷ ಓದಿಸುವ ತಾಕತ್ತು ನನಗಿಲ್ಲ, ಕೆಲಸಕ್ಕೆ ಹಚ್ಚುತ್ತೇನೆ ಅಂದನಂತೆ. ಅತ್ತೆ ಆಗ ಹೊಸದಾಗಿ ನೌಕರಿಗೆ ಸೇರಿದವಳು. ನಿಯಮ ಅಂದರೆ ನಿಯಮ ಅಂದಳಂತೆ. ಕಾಶೀನಾಥ ಮರುದಿನದಿಂದ ಶಾಲೆಗೆ ಬರಲಿಲ್ಲ.

"ಆಮ್ಯಾಲ ಎಷ್ಟು ಮಂದಿಗಿ ಎರಡ್ ಎರಡ್ ಅಂಕ ಕೊಟ್ಟು ಪಾಸ್ ಮಾಡ್ಯಾಳ! ಅಂವಗ ಒಬ್ಬಗ ಕೊಡಲಿಲ್ಲ ಅಂತ ಇವತ್ತಿಗೂ ಕೊರಗತಾಳ. ಈಗ ಯಾವ ಮುಖ ಇಟ್ಕೊಂಡು ಕರೀಬೇಕು ಅಂತಾಳ" ಅಂದರು ಮಾಮಾ.

ನೋಡಿ, ಆಗ ನಾನು ಮಾಡಬೇಕಾದದ್ದು ಇಷ್ಟೇ ಇತ್ತು. ನಾಲ್ಕು ಮನೆ ನಡೆದು ಕಾಶೀನಾಥನ ಬಾಗಿಲು ತಟ್ಟಿ, ಅಕ್ಕೋರು ಕರೀತಾರ ಬಾರಪ್ಪಾ ಅನ್ನಬೇಕಾಗಿತ್ತು. ಅನ್ನಲಿಲ್ಲ. ಹಳೇ ಗಾಯ ಯಾಕೆ ಕೆದರುವುದು ಅಂತ ನನಗೆ ನಾನೇ ದೊಡ್ಡ ಮಾತು ಹೇಳಿಕೊಂಡೆ. ನಿಜವೆಂದರೆ, ಚಹಾದಂಗಡಿಯ ಮಾತು ನೆನಪಾಗಿ ನನಗೆ ಅವನ ಮುಖ ನೋಡಲಿಕ್ಕೆ ಅಂಜಿಕೆಯಾಯಿತು. ಬಸ್ ಹತ್ತಿ ಹುಮನಾಬಾದಿಗೆ ಬಂದುಬಿಟ್ಟೆ.

ಅಲ್ಲಿ ಸಿಕ್ಕ ಮಿಸ್ತ್ರಿ ಬಾಯಿಬಡುಕ. ದಾರಿಯುದ್ದಕ್ಕೂ ತಾನು ಹೈದರಾಬಾದಿನಲ್ಲಿ ಏಳು ಅಂತಸ್ತಿನ ಕಟ್ಟಡಕ್ಕೆ ವೈರ್ ಎಳೆದ ಕಥೆ ಹೇಳಿದ. ಅತ್ತೆ ಪ್ರಶ್ನಪತ್ರಿಕೆ ಕೊಟ್ಟಳು. ಐದು ಅಂಕದ ಪ್ರಶ್ನೆಗೆ ಅವನು ನಕ್ಕು, "ಅರ್ಥಿಂಗ್ ಏನೂ ಬ್ಯಾಡ್ರಿ ಅಮ್ಮಾ, ಖಾಲಿಪೀಲಿ ಖರ್ಚು" ಅಂದ. ಸೊನ್ನೆ! ಅತ್ತೆ ಅವನಿಗೆ ಚಹಾ ಕುಡಿಸಿ ಕಳಿಸುವುದೆಂದು ತೀರ್ಮಾನಿಸಿ ಒಳಗೆ ಹೋದಳು. ಅವಳು ಚಹಾ ಸೋಸುವಷ್ಟರಲ್ಲಿ ಆ ಮಹಾರಾಯ ಪಿಂಗಾಣಿ ಫ್ಯೂಜು ಕಿತ್ತು, ಅದರ ಎಳೆ ವೈರು ಬಿಸಾಕಿ, ಬೆಂಕಿಕಡ್ಡಿ ದಪ್ಪದ ತಾಮ್ರದ ತಂತಿ ತಿರುವಿ ಹಾಕಿದ. "ಇನ್ನ ನಿಮ್ಮ ಫ್ಯೂಜ್ ಹೋಗೋದೇ ಇಲ್ಲ ನೋಡ್ರಿ" ಅಂದ. ನಾನು ನೋಡಿದೆ. ಭೇಷ್ ಅಂದೆ!

ಫ್ಯೂಜು ಹೋಗಲಿಲ್ಲ, ನಿಜ. ಎಳೆ ವೈರಿದ್ದರೆ ಭಾರ ಹೆಚ್ಚಾದಾಗ ಅದು ತಾನು ಸುಟ್ಟು ಮನೆ ಉಳಿಸುತ್ತದೆ. ದಪ್ಪ ತಂತಿಗೆ ಆ ತ್ಯಾಗ ಬುದ್ಧಿ ಎಲ್ಲಿಯದು? ಮೇ ತಿಂಗಳ ಬಿಸಿಲು. ಮಾಮಾ ಒಂದು ಮಧ್ಯಾಹ್ನ, ಯಾರೂ ನೋಡುತ್ತಿಲ್ಲವೆಂದು, ಫ್ರಿಜ್ಜಿನ ಪಿರಿಯಡ್ಡಿನಲ್ಲೇ ಫ್ಯಾನು ಹಚ್ಚಿದರು. ಫ್ಯೂಜು ಹೋಗಲಿಲ್ಲ. ಕೂಲರ್ ಹಚ್ಚಿದರು. ಆಗಲೂ ಹೋಗಲಿಲ್ಲ. ಬಾಳಿನಲ್ಲಿ ಮೊದಲ ಸಲ ಮೂರು ಪಿರಿಯಡ್ ಒಟ್ಟಿಗೆ! ಖುಷಿಯಿಂದ ಪೇಪರ್ ಬಿಡಿಸಿಕೊಂಡು ಕೂತರು. ಅತ್ತೆ ಹಿತ್ತಲಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಮಾಮಾನ ತಲೆಯ ಮೇಲೆ ಬೋರ್ಡು ಚಟಚಟ ಅನ್ನತೊಡಗಿತು.

ಬೋರ್ಡಿಗೆ ಬೆಂಕಿ ಹತ್ತಿತೆಂದು ಅತ್ತೆಯ ಫೋನ್ ಬಂದಾಗ ನಾನು ಅಂಗಡಿಯ ಬಾಗಿಲನ್ನೂ ಎಳೆಯದೆ ಹೊರಟೆ. ದಾರಿಯಲ್ಲಿ ದೇವರನ್ನು ಬೇಡಿದ್ದು ಎಷ್ಟೋ.

ಹೋಗಿ ನೋಡಿದರೆ ಮಾಮಾ ಕಟ್ಟೆಯ ಮೇಲೆ ಕ್ಷೇಮವಾಗಿ ಕೂತಿದ್ದರು. ಹುಬ್ಬು ಒಂದಿಷ್ಟು ಸುಟ್ಟಿತ್ತು, ಅಷ್ಟೇ. ಊಟಕ್ಕೆಂದು ಮನೆಗೆ ಬಂದ ಕಾಶೀನಾಥ ಕಿಟಕಿಯ ಹೊಗೆ ಕಂಡು ಅನ್ನದ ಕೈಯಲ್ಲೇ ಓಡಿ ಬಂದಿದ್ದ. ಮೀಟರಿನ ಹತ್ತಿರ ಕರೆಂಟು ಕಡಿದು, ಮಾಮಾನನ್ನು ಕುರ್ಚಿ ಸಮೇತ ಹೊರಗೆ ಎಳೆದಿದ್ದ. ಇಬ್ಬರೂ ವಯಸ್ಸಾದವರೆಂದು ನಾನು ಬರುವ ತನಕ ಕಾಯುತ್ತ, ಮಸಿ ಹಿಡಿದ ಗೋಡೆಯ ಬುಡದಲ್ಲಿ ನೆಲಕ್ಕೆ ಕೂತಿದ್ದ. ಕೈಯಲ್ಲಿ ಆ ದಪ್ಪ ತಂತಿ.

"ಇದನ್ನ ಯಾರ್ ಹಾಕ್ಯಾರ್ರಿ?" ಅಂದ. ನಾನು ಮೇಲೆ ನೋಡಿ ಮಾಳಿಗೆಯ ಜಂತಿ ಎಣಿಸಿದೆ.

ಅತ್ತೆ ಬಾಗಿಲಿಗೆ ಆತು ನಿಂತಿದ್ದಳು. "ಕಾಶೀನಾಥಾ, ಮ್ಯಾಲ ಕುಂದ್ರಪ್ಪಾ" ಅಂದಳು.

"ಬ್ಯಾಡ್ರಿ ಅಕ್ಕೋರ. ನಿಮ್ಮ ಮುಂದ ಕುರ್ಚಿ ಮ್ಯಾಲ ಹ್ಯಾಂಗ ಕುಂದ್ರಲ್ರಿ?"

"ನಿಮ್ಮಪ್ಪ ಬಂದು ಕೈಮುಗದಾಗ ನಾ ಎರಡು ಅಂಕ ಕೊಡಬೇಕಾಗಿತ್ತು. ಕೊಡಲಿಲ್ಲ. ಅದಕ್ಕ ನಿನಗ ಮುಖ ತೋರಸಾಕ ಆಗಲಿಲ್ಲ ನನಗ."

ಕಾಶೀನಾಥ ತಂತಿಯನ್ನೇ ಬಗ್ಗಿಸುತ್ತ ಅಂದ, "ಫೇಲ್ ಆದದ್ದಕ್ಕ ನನಗ ಏನೂ ಬ್ಯಾಸರಿಲ್ರಿ. ಲೆಕ್ಕ ಬರಲಿಲ್ಲ, ಫೇಲ್ ಆದೆ. ಆದ್ರ ಈ ಓಣ್ಯಾಗ ಎಲ್ಲಾರ ಮನ್ಯಾಗ ನಾ ವೈರ್ ಎಳದೀನಿ, ನಿಮ್ಮ ಮನಿ ಒಂದೇ ಬಿಟ್ಟು. ನಿಮ್ಮ ಅಕ್ಕೋರು ನಿಮಗ ಯಾಕ ಕರಿಯಂಗಿಲ್ಲ ಅಂತ ನನ್ನ ಹೆಂಡ್ತಿ ಕೇಳ್ತಾಳ. ಏನ್ ಹೇಳಲ್ರಿ? ಅದರ ಮ್ಯಾಲ, ಹುಮನಾಬಾದ್‌ಗಿ ಕೆಲಸಕ್ಕ ಹೋದಾಗ ಚಾದ ಅಂಗಡ್ಯಾಗ ಕೇಳಿದೆ. ಮೂವತ್ಮೂರು ಅಂಕದ ಮಿಸ್ತ್ರಿ ವೈರ್ ಎಳದ್ರ ಬೆಳಕೂ ಮೂವತ್ಮೂರೇ ಬರ್ತದ ಅಂತ ನೀವು ಅಂದ್ರಂತ. ಎಲ್ಲಾರೂ ನಗಾಕತ್ತಿದ್ರು. ಆ ಮಿಸ್ತ್ರಿ ನಾನೇ ಅಂತ ಅವರಿಗಿ ಗೊತ್ತಿರಲಿಲ್ಲ. ನಾನೂ ನಕ್ಕೆ."

ಅತ್ತೆ ನಿಧಾನವಾಗಿ ತಿರುಗಿ ನನ್ನ ಕಡೆ ನೋಡಿದಳು. ಮೂವತ್ತಾರು ವರ್ಷ ಮಕ್ಕಳನ್ನು ಕಂಡವಳು. ಯಾರು ಏನು ಮಾಡಿದ್ದಾರೆಂದು ಅವಳಿಗೆ ಕೇಳಬೇಕಾಗಿಲ್ಲ. ಈಗ ನನ್ನ ಹೆಸರು ಹೇಳುತ್ತಾಳೆ ಅಂತ ನಾನು ಕಾದೆ. ಹೇಳಿದ್ದರೆ ಎಷ್ಟು ಹಗುರಾಗುತ್ತಿತ್ತು! ಅವಳು ಕಾಶೀನಾಥನ ಕಡೆ ತಿರುಗಿ, "ಅಂದಿರಬೇಕಪ್ಪಾ. ತಪ್ಪಾತು ನಂದು" ಅಂದಳು.

ನನ್ನಂಥ ಮಾತಿನ ಮಲ್ಲ, ಆ ಹೊತ್ತಿಗೆ ಒಂದು ಅಕ್ಷರ ಆಡಲಿಲ್ಲ.

ಆಮೇಲೆ ಅತ್ತೆ ಗೋಡೆ ಹಿಡಿದು ಬಗ್ಗಿದಳು. ಮೊಣಕಾಲು ಹೋಗಿ ಎಷ್ಟೋ ವರ್ಷವಾದವಳು, ದೇವರ ಮುಂದೆಯೂ ಕುರ್ಚಿಯಲ್ಲಿ ಕೂತು ಪೂಜೆ ಮಾಡುವವಳು. "ಅಕ್ಕೋರ, ಬ್ಯಾಡ್ರಿ, ಬ್ಯಾಡ್ರಿ" ಅಂತ ಅವನು ಎದ್ದು ನಿಲ್ಲುವಷ್ಟರಲ್ಲಿ ಆ ಮಸಿಯ ನೆಲದ ಮೇಲೆ ಅವನ ಎದುರು ಕೂತುಬಿಟ್ಟಳು. "ನೀ ಮ್ಯಾಲ ಕುಂದ್ರಂಗಿಲ್ಲ ಅಂದ್ರ ನಾ ಕೆಳಗ ಕುಂದ್ರತೀನಿ. ಈಗ ಹೇಳು, ಎಲ್ಲಿಂದ ಸುರು ಮಾಡ್ತಿ?" ಅಂದಳು. ಅವನು ಮತ್ತೆ ಕೂತ. ಅರ್ಥಿಂಗ್ ಗುಂಡಿಯಿಂದ ಶುರು ಮಾಡಿ ಎಲ್ಲ ಹೇಳಿದ. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೂತದ್ದೇನೋ ಕೂತಳು, ಎಬ್ಬಿಸಲಿಕ್ಕೆ ನಾನೊಂದು ಕಡೆ, ಅವನೊಂದು ಕಡೆ ಹಿಡಿಯಬೇಕಾಯಿತು. ಎದ್ದು ನಿಂತ ಮೇಲೆ ನನ್ನ ಕೈ ಬಿಟ್ಟಳು. ಅವನ ಕೈ ಬಹಳ ಹೊತ್ತು ಬಿಡಲಿಲ್ಲ.

ಕೆಲಸ ಹನ್ನೆರಡು ದಿನ ನಡೆಯಿತು. ಆ ಮಾತಿನ ಬಗ್ಗೆ ಅತ್ತೆ ನನ್ನನ್ನು ಅವತ್ತೂ ಕೇಳಲಿಲ್ಲ, ಇವತ್ತಿನ ತನಕವೂ ಕೇಳಿಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಕೊನೆಯ ದಿನ ಕಾಶೀನಾಥ ಹೊಸ ದೀಪ ಹಚ್ಚಿ, ಇನ್ವರ್ಟರ್ ಕೂಡಿಸಿ, ಅತ್ತೆ ಕೊಟ್ಟ ಹೋಳಿಗೆ ತಿಂದು, ಏಣಿ ಹೆಗಲಿಗೇರಿಸಿ ಹೊರಟ. ನಾನು ಅವನ ಹಿಂದೆಯೇ ಗೇಟಿನ ತನಕ ಹೋದೆ. ಆ ಮಾತು ಅತ್ತೆಯದಲ್ಲ, ನನ್ನದು ಅಂತ ಹೇಳಲಿಕ್ಕೇ ಹೋದೆ, ಆಣೆ ಮಾಡಿ ಹೇಳುತ್ತೇನೆ. "ಕಾಶೀನಾಥ" ಅಂದೆ. ಅವನು ತಿರುಗಿದ. ಆ ಮುಖ ನೋಡಿ ನನ್ನ ಬಾಯಿಗೆ ಬಂದದ್ದು ಬೇರೆಯೇ.

"ಇನ್ವರ್ಟರ್ ಎಷ್ಟ್ ತಾಸು ಬರ್ತದ?"

ಅವನು ಹೆಗಲ ಮೇಲಿನ ಏಣಿ ಇಳಿಸಿ ಗೇಟಿಗೆ ಒರಗಿಸಿ, ನನಗೆ ಸಮಾಧಾನವಾಗಿ ಎಲ್ಲ ವಿವರಿಸಿದ. ಎರಡು ಫ್ಯಾನು ಹಚ್ಚಿದರೆ ಇಷ್ಟು, ಒಂದೇ ಹಚ್ಚಿದರೆ ಇಷ್ಟು. ಮತ್ತೆ ಏಣಿ ಎತ್ತಿಕೊಳ್ಳುತ್ತ ಅಂದ:

"ನೀವೇನ್ ಕಾಳಜಿ ಮಾಡಬ್ಯಾಡ್ರಿ. ನೀವು ದೂರ ಇರ್ತೀರಿ. ಮಾಮಾರಿಗಿ ಕೇಳಂಗಿಲ್ಲ ಅಂತ ನನಗ ಗೊತ್ತದ. ದಿನಾ ಹೋಗ್ತಾ ಬರ್ತಾ ನಾ ಒಂದ್ಸಲ ಒಳಗ ಹಣಿಕಿ ಹಾಕ್ತೀನಿ."

ಹ್ಞೂಂ ಅಂದೆ. ಅಷ್ಟೇ ಅಂದೆ.